ಬೈಕ್‌ಗೆ ಬೆಂಕಿ ಹತ್ತಿದರೆ ಏನು ಮಾಡಬೇಕು, ಸುಟ್ಟ ಮೇಲೆ ಯಾರನ್ನು ಕೇಳಬೇಕು?

2022ರ ಮಾರ್ಚ್ ಕೊನೆಯಲ್ಲಿ ಪುಣೆಯ ಲೋಹಗಾಂವ್ ಕಡೆ ನಿಲ್ಲಿಸಿದ್ದ ಓಲಾ ಎಲೆಕ್ಟ್ರಿಕ್ ಸ್ಕೂಟರೊಂದು ತಾನಾಗಿಯೇ ಹೊತ್ತಿ ಉರಿಯಿತು. ಮುಂದಿನ ತಿಂಗಳು ಕಂಪನಿ ಅದೇ ಬ್ಯಾಚಿನ 1,441 ಸ್ಕೂಟರ್‌ಗಳನ್ನು ತಪಾಸಣೆಗೆ ವಾಪಸ್ ಕರೆಸಿಕೊಂಡಿತು. ಅದೇ ಯುಗಾದಿ ಆಸುಪಾಸಿನಲ್ಲಿ ಮೈಸೂರಿನಿಂದ ಆಂಧ್ರದ ಕಸಾಪುರ ಆಂಜನೇಯನ ಗುಡಿಗೆ ಹೋಗಿದ್ದ ಹೊಸ ಬುಲೆಟ್ ಗುಡಿಯ ಹೊರಗೇ ಸುಟ್ಟುಹೋಯಿತು. ಒಂದು ಬ್ಯಾಟರಿ ಗಾಡಿ, ಇನ್ನೊಂದು ಪೆಟ್ರೋಲ್ ಗಾಡಿ.

ಪುಣೆಯಲ್ಲಿರುವ ನಮ್ಮ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಹಿಂಜವಡಿಯ ಐಟಿ ಹುಡುಗರು, ಪಿಂಪ್ರಿಯ ಕಾರ್ಖಾನೆಯವರು, ಉಡುಪಿ ಹೋಟೆಲಿನವರು, ಎಲ್ಲರಿಗೂ ದ್ವಿಚಕ್ರವೇ ಕಾಲು. ಎಷ್ಟೋ ಗಾಡಿಗಳ ಮೇಲೆ ಇನ್ನೂ ಬೆಳಗಾವಿ, ವಿಜಯಪುರದ ನಂಬರ್ ಇದೆ. ಗಾಡಿ ಸುಟ್ಟಾಗ ಇವರೆಲ್ಲ ಕೇಳುವುದು ಒಂದೇ: ಕಂಪನಿ ದುಡ್ಡು ಕೊಡುತ್ತಾ? ಉತ್ತರ ಬಹುಪಾಲು ಎರಡು ವಿಷಯಗಳ ಮೇಲೆ ನಿಂತಿದೆ. ಬೆಂಕಿಗೆ ಮೊದಲು ವೈರಿಂಗ್‌ಗೆ ಯಾರು ಕೈ ಹಾಕಿದ್ದರು? ಬೆಂಕಿ ಆದಮೇಲೆ ಸುಟ್ಟ ಗಾಡಿ ಯಾರ ಕೈಯಲ್ಲಿದೆ?

ಮೊದಲು ಪೆಟ್ರೋಲ್ ದಾರಿ ನೋಡಿ

ಬೆಳಿಗ್ಗೆ ಗಾಡಿ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ. ಪೆಟ್ರೋಲ್ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರ ಇರುವುದರಿಂದ ಮೇಲೆ ಹಾರಿಹೋಗದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇದು ಇನ್ನೂ ಅಪಾಯ.

ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಸ್ವಲ್ಪ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ, ಪೈಪ್ ಗಟ್ಟಿಯಾಗಿದ್ದರೆ, ಕ್ಲಿಪ್ ಸಡಿಲವಾಗಿದ್ದರೆ ಬದಲಿಸಿ. ಹಳೆ ಕಾರ್ಬ್ಯುರೇಟರ್ ಗಾಡಿಯಾದರೆ ರಾತ್ರಿ ಪೆಟ್ರೋಲ್ ಕಾಕ್ ಆಫ್ ಮಾಡುವ ಅಭ್ಯಾಸ ಒಳ್ಳೆಯದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡದ) ಬೈಕ್‌ಗಳು ಹೆಚ್ಚಾಗಿ ಫ್ಯೂಯೆಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಪಂಪ್ ಪೆಟ್ರೋಲನ್ನು ಒತ್ತಡದಲ್ಲಿ ತಳ್ಳುತ್ತದೆ. ಪೈಪ್ ಬಿಟ್ಟುಕೊಂಡರೆ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಚಿಮ್ಮುತ್ತದೆ. ಅಲ್ಲಿಗೆ ಸಿಕ್ಕಸಿಕ್ಕ ಪೈಪ್ ಹಾಕಿಸಬೇಡಿ, ಕಂಪನಿಯದ್ದೇ ಹಾಕಿಸಿ.

ವೈರಿಂಗ್: ಜಗಳ ಶುರುವಾಗುವುದೇ ಇಲ್ಲಿ

ಫಾಗ್ ಲೈಟ್, ಜೋರು ಹಾರ್ನ್, ಅಲಾರಂ, ಮೊಬೈಲ್ ಚಾರ್ಜರ್. ಖಂಬಾಟ್ಕಿ ಘಾಟ್ ಇಳಿದು ಊರಿಗೆ ಹೋಗುವವರಿಗೆ ಫಾಗ್ ಲೈಟ್ ಬೇಕು ಅನಿಸುವುದು ಸಹಜ. ಆದರೆ ಗ್ಯಾರೇಜಿನಲ್ಲಿ ಅದನ್ನು ಹಾಕುವ ರೀತಿ ನೋಡಿದ್ದೀರಾ? ಕಂಪನಿ ವೈರಿನ ಸಿಪ್ಪೆಯನ್ನು ಬ್ಲೇಡಿನಲ್ಲಿ ಸುಲಿದು, ಹೊಸ ವೈರನ್ನು ಅದಕ್ಕೆ ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತುತ್ತಾರೆ. ಎಂಜಿನ್ ಬಿಸಿಗೆ ಟೇಪಿನ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ನೀರು ಒಳಗೆ ಹೋಗುತ್ತದೆ. ಒಂದು ದಿನ ಬರಿ ತಾಮ್ರ ಚಾಸಿಸ್‌ಗೆ ತಾಗುತ್ತದೆ.

ಆಗ ಹಾರಬೇಕಾದದ್ದು ಫ್ಯೂಸ್. ಆದರೆ ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು 10 ಆಂಪಿಯರ್ ಜಾಗಕ್ಕೆ 30 ಹಾಕಿದವರು, ಇಲ್ಲವೇ ವೈರಿನ ತುಂಡನ್ನೇ ಸಿಕ್ಕಿಸಿದವರು ಎಲ್ಲ ಊರಲ್ಲೂ ಇದ್ದಾರೆ. ಅಂಥ ಗಾಡಿಯಲ್ಲಿ ಫ್ಯೂಸ್ ಬದಲು ವೈರಿಂಗೇ ಸುಡುತ್ತದೆ. ಲೈಟ್ ಬೇಕೇ ಬೇಕು ಅಂದರೆ ರಿಲೇ (ಲೈಟಿನ ಕರೆಂಟನ್ನು ಬೇರೆಯಾಗಿ ಹಾಯಿಸುವ ಸ್ವಿಚ್), ಬೇರೆ ಫ್ಯೂಸ್, ಕಪ್ಲರ್ (ವೈರ್ ಸುಲಿಯದೆ ಸಿಕ್ಕಿಸುವ ಜೋಡಣೆ) ಇರುವ ಕಿಟ್ ತಗೊಂಡು ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ. ಜಾಬ್ ಕಾರ್ಡ್‌ನಲ್ಲಿ ಬರೆಸಿ, ಬಿಲ್ ಇಟ್ಟುಕೊಳ್ಳಿ. ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೇ ಕಲಂ ಪ್ರಕಾರ, ಹಾನಿಯಾದ ಹೊತ್ತಿಗೆ ವಸ್ತುವನ್ನು ತಪ್ಪಾಗಿ ಬಳಸಿದ್ದರೆ, ಬದಲಾಯಿಸಿದ್ದರೆ ಮಾರಿದವರಿಗೆ ಹೊಣೆಯಿಂದ ಜಾರಿಕೊಳ್ಳಲು ದಾರಿಯಿದೆ. ಕಂಪನಿಯವರೂ ಮೊದಲು ಹುಡುಕುವುದು ಆ ಕಪ್ಪು ಟೇಪನ್ನೇ.

ಉಳಿದವು ಸಣ್ಣವು. ಸೈಲೆನ್ಸರ್ ಆರುವ ಮುಂಚೆ ಕವರ್ ಹೊದಿಸಬೇಡಿ. ಒರೆಸಿದ ಬಟ್ಟೆಯನ್ನು ಎಂಜಿನ್ ಸಂದಿಯಲ್ಲಿ ಬಿಡಬೇಡಿ. ಇಲಿ ಕಾಟ ಇದ್ದರೆ ವೈರ್ ಕಡಿದಿದೆಯೇ ಎಂದು ಆಗಾಗ ನೋಡಿ.

ಬ್ಯಾಟರಿ ಗಾಡಿ ಇದ್ದರೆ

ಕಂಪನಿಯ ಚಾರ್ಜರ್ ಬಿಟ್ಟು ಬೇರೆ ಬೇಡ. ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕದೆ ಸ್ವಲ್ಪ ಆರಲು ಬಿಡಿ. ಕೆಳಗೆ ಬಿದ್ದ, ನೀರಲ್ಲಿ ಮುಳುಗಿದ, ಊದಿಕೊಂಡ ಬ್ಯಾಟರಿಯನ್ನು ಚಾರ್ಜ್ ಮಾಡದೆ ಸರ್ವಿಸ್‌ಗೆ ತೋರಿಸಿ. ಮುಖ್ಯವಾಗಿ, ಮನೆ ಬಾಗಿಲ ಪಕ್ಕ ಅಥವಾ ಮೆಟ್ಟಿಲ ಕೆಳಗೆ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯೇ ಮುಚ್ಚುತ್ತದೆ.

ಪುಣೆಯ ಹಳೆ ಕಟ್ಟಡಗಳಲ್ಲಿ ಮೆಟ್ಟಿಲ ಕೆಳಗೇ ಮೀಟರ್ ಬೋರ್ಡ್, ಅದರ ಮುಂದೇ ಬೈಕ್‌ಗಳ ಸಾಲು. ಒಂದಕ್ಕೆ ಹತ್ತಿದರೆ ಸಾಲಿಗೇ ಹತ್ತುತ್ತದೆ, ಹೊಗೆ ನೇರ ಮೆಟ್ಟಿಲೇರುತ್ತದೆ. ಸೊಸೈಟಿ ಮೀಟಿಂಗ್‌ನಲ್ಲಿ ಗಣಪತಿ ವಂತಿಗೆ ಬಗ್ಗೆ ಮಾತಾಡುವಷ್ಟೇ ಹೊತ್ತು ಇದರ ಬಗ್ಗೆಯೂ ಮಾತಾಡಿ. ಪಾರ್ಕಿಂಗ್‌ನಲ್ಲಿ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಇರಲಿ, ಅದರ ಮುಳ್ಳು ಹಸಿರಿನಲ್ಲಿರಲಿ.

ಹತ್ತಿಯೇ ಬಿಟ್ಟರೆ

ಓಡಿಸುವಾಗ ಸುಟ್ಟ ವಾಸನೆಯೋ ಹೊಗೆಯೋ ಬಂದರೆ ಜನರಿಂದ ದೂರ, ಎಡಕ್ಕೆ ನಿಲ್ಲಿಸಿ. ಕೀ ಆಫ್ ಮಾಡಿ ಇಳಿದು ದೂರ ಹೋಗಿ. ಸೀಟಿನ ಕೆಳಗಿನ ಪೇಪರ್, ಬಾಕ್ಸಿನ ಲ್ಯಾಪ್‌ಟಾಪ್, ಯಾವುದಕ್ಕೂ ಕೈ ಹಾಕಬೇಡಿ. ಟ್ಯಾಂಕ್ ಮುಚ್ಚಳ ತೆಗೆಯಬೇಡಿ. 101 ಅಥವಾ 112ಕ್ಕೆ ಫೋನ್ ಮಾಡಿ.

ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನೂ ಹೊತ್ತೊಯ್ಯುತ್ತದೆ. ಬೆಂಕಿ ಇನ್ನೂ ಸಣ್ಣದಿದ್ದು ಪೌಡರ್ ಸಿಲಿಂಡರ್ ಕೈಗೆ ಸಿಕ್ಕರೆ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ನಿಂತು ಬುಡಕ್ಕೆ ಹೊಡೆಯಿರಿ. ಮರಳಾದರೂ ಸರಿ. ಟ್ಯಾಂಕಿನವರೆಗೆ ಬಂದಿದ್ದರೆ ಗಾಡಿ ಆಸೆ ಬಿಡಿ.

ಬ್ಯಾಟರಿ ಬೆಂಕಿಯ ನಡತೆ ಬೇರೆ. ಮೊದಲು ಬುಸ್ ಎನ್ನುವ ಸದ್ದು, ದಟ್ಟ ಹೊಗೆ. ಆ ಹೊಗೆ ವಿಷ, ಹತ್ತಿರ ಹೋಗಬೇಡಿ. ಅದಕ್ಕೆ ಅಗ್ನಿಶಾಮಕ ದಳದವರು ಸುರಿಯುವಷ್ಟು ನೀರು ಬೇಕು. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು, ಹಾಗಾಗಿ ಒಳಗೆ ತಂದಿಡಬೇಡಿ. ಮೈ ಸುಟ್ಟರೆ 20 ನಿಮಿಷ ಹರಿಯುವ ನೀರು, ಆಮೇಲೆ ಆಸ್ಪತ್ರೆ. ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ.

ಸುಟ್ಟ ಗಾಡಿ ಕೈಬಿಡಬೇಡಿ

ಬೆಂಕಿ ಆರಿದ ಮೇಲೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಚಾಸಿಸ್ ನಂಬರ್ ಕಾಣುವ ಹಾಗೆ ಒಂದು ಇರಲಿ. ಸಿಸಿಟಿವಿ ಇದ್ದರೆ ದೃಶ್ಯವನ್ನು ಅವತ್ತೇ ಕೇಳಿ ಪಡೆಯಿರಿ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಯಾರಾದರೂ ಬೇಕಂತಲೇ ಹಚ್ಚಿದ್ದರೆ ಗೊತ್ತಾಗುವುದೂ ಅದರಲ್ಲೇ. ಅಗ್ನಿಶಾಮಕ ದಳದ ವರದಿಗೆ ಅರ್ಜಿ ಕೊಡಿ. ಪೊಲೀಸರಿಗೆ ತಿಳಿಸಿ ಪಂಚನಾಮೆ ಮಾಡಿಸಿ. ಪಂಚನಾಮೆ ಮರಾಠಿಯಲ್ಲಿರುತ್ತದೆ, ಓದಲು ಬಾರದಿದ್ದರೆ ಓದಿಸಿಕೊಂಡು ಸಹಿ ಹಾಕಿ. ಯಾರೂ ಏನೂ ತಪಾಸಣೆ ಮಾಡದೆ ‘ಶಾರ್ಟ್ ಸರ್ಕಿಟ್’ ಎಂದು ಬರೆಯುವುದು ಮಾಮೂಲು. ಕಾರಣ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಲು ಹೇಳಿ.

ಶೋರೂಂನಿಂದ ಫೋನ್ ಬರುತ್ತದೆ. ‘ಸರ್, ಗಾಡಿ ತಗೊಂಡು ಹೋಗಿ ಚೆಕ್ ಮಾಡಿ ಹೇಳ್ತೀವಿ’ ಎಂದು ನಯವಾಗಿ ಕೇಳುತ್ತಾರೆ. ಸುಮ್ನೆ ಕೊಟ್ಟುಬಿಡಬೇಡಿ. ಕೊಡಲೇಬೇಕಾದರೆ ಚಾಸಿಸ್ ನಂಬರ್ ಹಾಕಿದ ರಸೀದಿ ತಗೊಳ್ಳಿ. ನೀವಿಲ್ಲದೆ ಯಾವ ಭಾಗವನ್ನೂ ಬಿಚ್ಚಬಾರದು, ವರದಿಯ ಪ್ರತಿ ಕೊಡಬೇಕು ಎಂದು ಇಮೇಲ್‌ನಲ್ಲಿ ಬರೆಯಿರಿ. ಇನ್ಶೂರೆನ್ಸ್‌ನವರು ದುಡ್ಡು ಕೊಟ್ಟು ಗಾಡಿ ಎತ್ತಿಕೊಂಡು ಹೋದರೂ ಅಷ್ಟೇ, ಸಾಕ್ಷಿ ಗುಜರಿಗೆ ಹೋಗುತ್ತದೆ. ತಪಾಸಣೆ ಮುಗಿಯುವವರೆಗೆ ವಿಲೇವಾರಿ ಬೇಡ ಎಂದು ಅವರಿಗೂ ಬರೆದಿಡಿ.

ಇನ್ಶೂರೆನ್ಸ್‌ನಲ್ಲಿ ಒಂದು ಗೊಂದಲ ಇದೆ. ಹೊಸ ಬೈಕ್‌ಗೆ ‘ಐದು ವರ್ಷದ ಇನ್ಶೂರೆನ್ಸ್’ ಎಂದು ಕೊಡುವುದರಲ್ಲಿ ಹೆಚ್ಚಾಗಿ ಐದು ವರ್ಷ ಇರುವುದು ಥರ್ಡ್ ಪಾರ್ಟಿ (ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯದ್ದು) ಮಾತ್ರ, ಸ್ವಂತ ಗಾಡಿಯ ಹಾನಿಗೆ ಒಂದೇ ವರ್ಷ. ಎರಡನೇ ವರ್ಷ ಸುಟ್ಟರೆ ಥರ್ಡ್ ಪಾರ್ಟಿಯಿಂದ ನಿಮ್ಮ ಗಾಡಿಗೆ ಏನೂ ಸಿಗದು. ಓನ್ ಡ್ಯಾಮೇಜ್ ಇದ್ದರೆ ಬೆಂಕಿಯಷ್ಟೇ ಅಲ್ಲ, ‘ಸೆಲ್ಫ್ ಇಗ್ನಿಷನ್’, ಅಂದರೆ ತಾನಾಗಿ ಹೊತ್ತಿಕೊಳ್ಳುವುದೂ ಪಾಲಿಸಿಯಲ್ಲಿ ಸೇರಿದೆ.

ಕಂಪನಿಯನ್ನು ಕೇಳುವ ದಾರಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಯಾರಕರ ಹೊಣೆಗೆ ಒಂದು ಅಧ್ಯಾಯವನ್ನೇ ಇಟ್ಟಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಎಚ್ಚರಿಕೆ ಕೊಡದಿರುವುದು, ಇವೆಲ್ಲ 84ನೇ ಕಲಮಿನಲ್ಲಿವೆ. ತಪ್ಪು ಸರ್ವಿಸ್ ಸೆಂಟರಿನದ್ದಾದರೆ 85, ಮಾರಿದವರದ್ದಾದರೆ 86. ಇಲ್ಲೊಂದು ಸೂಕ್ಷ್ಮ ಇದೆ. ಈ ಅಧ್ಯಾಯದಲ್ಲಿ ‘ಹಾನಿ’ ಎಂದರೆ ಮೈಗಾದ ಗಾಯ, ಪಕ್ಕದ ಗಾಡಿ, ಮನೆಯ ನಷ್ಟ, ಮಾನಸಿಕ ಯಾತನೆ. ಸುಟ್ಟ ಗಾಡಿಯ ಬೆಲೆ ಅದರಲ್ಲಿ ಬರುವುದಿಲ್ಲ. ಅದನ್ನು ದೋಷವಿರುವ ಸರಕು ಎಂದು ಹೇಳಿ, ಬದಲಿ ಗಾಡಿ ಅಥವಾ ದುಡ್ಡು ವಾಪಸ್ ಎಂದು ಬೇರೆಯಾಗಿ ಕೇಳಬೇಕು. ದೂರು ಬರೆಯುವಾಗ ಎರಡನ್ನೂ ಕೇಳಿ.

ದೂರಿಗೆ ಎರಡು ವರ್ಷದ ಗಡುವು. ಗಾಡಿಯ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಬೆಳಗಾವಿಯಲ್ಲಿ ಕೊಂಡ ಗಾಡಿಯಾದರೂ ನೀವು ವಾಸ ಇರುವ, ಕೆಲಸ ಮಾಡುವ ಪುಣೆಯಲ್ಲೇ ದೂರು ಹಾಕಬಹುದು. ಪ್ರಯೋಗಾಲಯದ ಪರೀಕ್ಷೆ ಬೇಕೆಂದು ಆಯೋಗವನ್ನು ಕೇಳಿ, ಅದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಪರೀಕ್ಷಿಸಲು ಗಾಡಿಯೇ ಇಲ್ಲದಿದ್ದರೆ ಆ ಅವಕಾಶ ಇದ್ದೂ ಇಲ್ಲದಂತೆ. ಡೆಲಿವರಿ ಕೆಲಸದವರೂ ಹೊಟ್ಟೆಪಾಡಿಗೆ ಸ್ವಂತ ಗಾಡಿ ಓಡಿಸುವವರಾದರೆ ಗ್ರಾಹಕರೇ. ಆಯೋಗಕ್ಕೆ ಮೊದಲು 1915 ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಪುಣೆಯ ಕೋಥ್ರೂಡ್ ಕಡೆಯ ಗುಡ್ಡದ ಮೇಲೆ ವಾಹನ ಸಂಶೋಧನೆಯ ಎಆರ್‌ಎಐ ಸಂಸ್ಥೆ ಇದೆ, ಗಾಡಿಗಳ ಪರೀಕ್ಷೆ ಅಲ್ಲೂ ನಡೆಯುತ್ತದೆ. ‘ನಮ್ಮ ಗಾಡಿ ಎಆರ್‌ಎಐ ಪಾಸಾಗಿದೆ’ ಎಂಬ ಉತ್ತರ ಬಂದರೆ ಹೆದರಬೇಡಿ. ಆ ಸರ್ಟಿಫಿಕೇಟ್ ಮಾದರಿಗೆ ಸಿಕ್ಕಿದ್ದು, ನಿಮ್ಮ ಮನೆಗೆ ಬಂದ ಗಾಡಿಯನ್ನು ಅಲ್ಲಿ ಯಾರೂ ಬಿಚ್ಚಿ ನೋಡಿಲ್ಲ.

ರೀಕಾಲ್ ಬಗ್ಗೆ ಕೊನೆಯದಾಗಿ. ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಲು ಸರ್ಕಾರ ಕಂಪನಿಗೆ ಆದೇಶಿಸಬಹುದು. ಇದರ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಮಾಲೀಕರ ದೂರುಗಳ ಸಂಖ್ಯೆ ನೋಡಿಯೇ ಸರ್ಕಾರ ಮುಂದುವರಿಯುವುದರಿಂದ ನಿಮ್ಮ ದೂರನ್ನು ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲೂ ಹಾಕಿ. ಕಂಪನಿ ತಾನಾಗಿ ಕರೆಸಿಕೊಂಡಾಗ ಪತ್ರ ಹೋಗುವುದು ಅವರ ದಾಖಲೆಯಲ್ಲಿರುವ ನಂಬರಿಗೆ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಅದು ಹಳೆ ಮಾಲೀಕರ ನಂಬರ್, ಅಲ್ವಾ? ಮುಂದಿನ ಸರ್ವಿಸ್‌ಗೆ ಹೋದಾಗ ಅದನ್ನು ಬದಲಿಸಿ, ಚಾಸಿಸ್ ನಂಬರ್ ಹಾಕಿ ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಅಲ್ಲೇ ಕಂಪ್ಯೂಟರ್‌ನಲ್ಲಿ ನೋಡಿಸಿ.