ಎರಡು ವರ್ಷದ ಮಗು ಜೊತೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ತಿಂಗಳ ಸಾಮಾನು

ಮೊದಲು ಮಗುವಿಗೆ ಊಟ ಮಾಡಿಸಿ. ಹಸಿದ ಮಗು ಕಂಡದ್ದನ್ನೆಲ್ಲಾ ಕೇಳುತ್ತೆ, ಹಠ ತಡೆಯಲಾರದೆ ಕೊಡಿಸೋ ಬಿಸ್ಕೀಟು, ಕುರುಕಲಲ್ಲೇ ಜಾಸ್ತಿ ದುಡ್ಡು ಹೋಗುತ್ತೆ. ಚೀಲದಲ್ಲಿ ಒಂದು ಬಾಳೆಹಣ್ಣು, ನೀರಿನ ಬಾಟಲಿ ಇರಲಿ.

ಬೆಳಗಾವಿಯಲ್ಲಿ ಬೇಳೆ, ಅಕ್ಕಿ, ಬೆಲ್ಲಕ್ಕೆ ರವಿವಾರ ಪೇಟೆಯೇ ಸರಿ. ಅಂಗಡಿ ತೆರೆದ ಕೂಡಲೇ ಹೋಗಿ, ಆಮೇಲೆ ಮಗು ಎತ್ತಿಕೊಂಡು ಆ ಗದ್ದಲದಲ್ಲಿ ನಡೆಯೋದೇ ಕಷ್ಟ. ಮನೆಯಲ್ಲೇ ಡಬ್ಬಿ ತೆಗೆದು ನೋಡಿ ಚೀಟಿ ಬರೆಯಿರಿ. ಜೋಳ ಕಾಳು ತಂದು ಗಿರಣಿಗೆ ಹಾಕಿಸಿದರೆ ಹಿಟ್ಟಿನ ಪ್ಯಾಕೆಟ್‌ಗಿಂತ ರೊಟ್ಟಿಯೂ ಚೆನ್ನಾಗಿ ಬರುತ್ತೆ.

ದೊಡ್ಡ ಪ್ಯಾಕೆಟ್ ಅಂದ್ರೆ ಅಗ್ಗ ಅಂತ ಸುಮ್ನೆ ನಂಬಬೇಡಿ. 500 ಗ್ರಾಂಗೆ 90 ರೂಪಾಯಿ ಇದ್ದರೆ ಗ್ರಾಂಗೆ 18 ಪೈಸೆ, 200 ಗ್ರಾಂ 34ಕ್ಕೆ ಸಿಕ್ಕರೆ 17 ಪೈಸೆ. ಚಿಕ್ಕದೇ ಅಗ್ಗ ಆಯ್ತಲ್ವಾ?

ಮಗುವಿಗೂ ಒಂದು ಕೆಲಸ ಕೊಡಿ. ನನ್ನ ಮಗಳ ಕೈಗೆ ಪುಟ್ಟ ಬಟ್ಟೆ ಚೀಲ ಕೊಡ್ತೀನಿ. ಕಾಯಿಪಲ್ಯೆ ತಗೊಳ್ಳುವಾಗ ಅವಳು ಒಂದೊಂದೇ ಟೊಮೆಟೊ ಎರಡೂ ಕೈಯಲ್ಲಿ ಹಿಡಿದು, ಮೂಸಿ ನೋಡಿ ಚೀಲಕ್ಕೆ ಇಳಿಸ್ತಾಳೆ. ಅರ್ಧ ಕೆಜಿಗೆ ಐದು ನಿಮಿಷ ಬೇಕು. ಅಷ್ಟರಲ್ಲಿ ನಾನು ಪಕ್ಕದ ಬುಟ್ಟಿಯ ಬದನೆಕಾಯಿ ರೇಟು ಕೇಳಿರ್ತೀನಿ.