ಸೌರಜ್ವಾಲೆಯ ಎಕ್ಸ್-ಕಿರಣ ರೋಹಿತ: ಫಿಟ್ ಮಾಡುವ ಮುಂಚಿನ ಕೆಲಸ

ಸೌರಜ್ವಾಲೆಯ ರೋಹಿತ (ಯಾವ ಶಕ್ತಿಯ ಎಕ್ಸ್-ಕಿರಣ ಎಷ್ಟು ಬಂತೆಂಬ ದಾಖಲೆ) ಕೈಗೆ ಬಂದ ಕೂಡಲೇ ಮಾಡೆಲ್ ಹಾಕಿ ಫಿಟ್ ಮಾಡಲು, ಅಂದರೆ ಲೆಕ್ಕದ ರೋಹಿತವನ್ನು ಅದಕ್ಕೆ ಹೊಂದಿಸಲು, ಕೂರಬಾರದು. ಫಿಟ್ಟಿಂಗ್ ಅರ್ಧ ಗಂಟೆಯ ಕೆಲಸ. ಯಾವ ಕೌಂಟು (ದಾಖಲಾದ ಎಣಿಕೆ) ಸೂರ್ಯನದು, ಯಾವುದು ಡಿಟೆಕ್ಟರಿನದು ಎಂದು ಬೇರ್ಪಡಿಸಲು ನನಗೆ ಎರಡು ಮೂರು ದಿನ ಹಿಡಿಯುತ್ತದೆ.

ನಾನು ಬಳಸುವುದು ಇಸ್ರೋದ ಸೂರ್ಯವೀಕ್ಷಣಾ ನೌಕೆ ಆದಿತ್ಯ-ಎಲ್1ರ ಎರಡು ಉಪಕರಣಗಳನ್ನು. ಎರಡೂ ತಯಾರಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಸೋಲೆಕ್ಸ್ 2ರಿಂದ 22 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ವರೆಗಿನ ಮೃದು ಎಕ್ಸ್-ಕಿರಣಗಳನ್ನು ಅಳೆಯುತ್ತದೆ. ಹೆಲಿಯೋಸ್ ಸುಮಾರು 10ರಿಂದ 150 ಕೆಇವಿ ವರೆಗಿನ ಕಠಿಣ ಎಕ್ಸ್-ಕಿರಣಗಳನ್ನು ಹಿಡಿಯುತ್ತದೆ. ಅದರಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಡಿಟೆಕ್ಟರುಗಳು ಬೇರೆ, ಹೆಚ್ಚಿನ ಶಕ್ತಿಗೆ ಸಿಝಡ್‌ಟಿ (ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್) ಡಿಟೆಕ್ಟರುಗಳು ಬೇರೆ. ದತ್ತಾಂಶವನ್ನು ಇಸ್ರೋದ ಪ್ರದಾನ್ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ತಂತ್ರಾಂಶ ನಿಮಗೆ ಯಾವುದು ಒಗ್ಗುತ್ತದೋ ಅದು. ನನ್ನದು ಎಕ್ಸ್‌ಸ್ಪೆಕ್, ಸೋಲಾರ್‌ಸಾಫ್ಟ್‌ನ ಆಸ್ಪೆಕ್ಸ್ ಕೂಡ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಮೊದಲು ಡಿಟೆಕ್ಟರ್ ಆಯ್ಕೆ. ಸೋಲೆಕ್ಸ್‌ನಲ್ಲಿ ಎರಡು ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರುಗಳಿವೆ: ಒಂದರ ಕಿಂಡಿ 7.1 ಚದರ ಮಿ.ಮೀ., ಇನ್ನೊಂದರದು ಬರೀ 0.1. ಸೂರ್ಯ ತಣ್ಣಗಿರುವಾಗ, ಬಿ ಅಥವಾ ಸಿ ವರ್ಗದ ಜ್ವಾಲೆಗೆ ದೊಡ್ಡದು ಬೇಕು (ಜ್ವಾಲೆಗಳ ಬಲ ಬಿ, ಸಿ, ಎಂ, ಎಕ್ಸ್ ಎಂದು ಏರುತ್ತದೆ). ಎಂ ವರ್ಗ ದಾಟಿತೆಂದರೆ ಚಿಕ್ಕದೇ ಗತಿ. ಕಾರಣ ಪೈಲ್-ಅಪ್. ಎರಡು ಫೋಟಾನುಗಳು ತೀರಾ ಬೆನ್ನುಬೆನ್ನಿಗೆ ಬಂದರೆ ಎಲೆಕ್ಟ್ರಾನಿಕ್ಸ್ ಅವನ್ನು ಒಂದೇ ಎಂದು ಎಣಿಸಿ, ಎರಡರ ಶಕ್ತಿಯನ್ನೂ ಕೂಡಿಸಿ ಬರೆದುಬಿಡುತ್ತದೆ. 3 ಕೆಇವಿಯ ಎರಡು ಸೇರಿ 6 ಕೆಇವಿಯ ಒಂದು. ರೋಹಿತದ ಬಾಲ ಎತ್ತಿಕೊಳ್ಳುತ್ತದೆ, ಫಿಟ್‌ನಲ್ಲಿ ನಿಜಕ್ಕೂ ಇಲ್ಲದ ಬಿಸಿ ಕಾಣುತ್ತದೆ. "30 ಮಿಲಿಯನ್ ಕೆಲ್ವಿನ್‌ನ ಎರಡನೇ ಪ್ಲಾಸ್ಮಾ ಸಿಕ್ಕಿತು" ಎಂದು ಯಾರಾದರೂ ಹಿಗ್ಗಿಕೊಂಡು ಬಂದರೆ ನಾನು ಮೊದಲು ಕೇಳುವುದು, ಯಾವ ಡಿಟೆಕ್ಟರ್ ತಗೊಂಡಿರಿ ಎಂದೇ. ಪರೀಕ್ಷೆ ಸುಲಭ: ಎರಡೂ ರೋಹಿತಗಳನ್ನು ಅವವುಗಳ ರೆಸ್ಪಾನ್ಸ್ ಫೈಲಿನೊಂದಿಗೆ (ಯಾವ ಶಕ್ತಿಯನ್ನು ಡಿಟೆಕ್ಟರ್ ಹೇಗೆ ದಾಖಲಿಸುತ್ತದೆಂಬ ಕಡತ) ಒಂದೇ ಮಾಡೆಲ್‌ಗೆ ಕಟ್ಟಿ. ಕೆಳಗೆ ಹೊಂದಿಕೊಂಡು, ಮೇಲೆ ಹೋದಂತೆ ದೊಡ್ಡ ಡಿಟೆಕ್ಟರಿನದು ಮಾತ್ರ ಮೇಲೇಳುತ್ತಿದ್ದರೆ ಅದು ಪೈಲ್-ಅಪ್. ಜ್ವಾಲೆಯ ಶಿಖರ ಕತ್ತರಿಸಿದಂತೆ ಚಪ್ಪಟೆಯಾಗಿ ಕಂಡರೂ ಅನುಮಾನಪಡಿ.

ಆಮೇಲೆ ಬ್ಯಾಕ್‌ಗ್ರೌಂಡ್, ಅಂದರೆ ಈ ಜ್ವಾಲೆಯದಲ್ಲದ ಕೌಂಟು. ಜ್ವಾಲೆಗೆ ಮುಂಚಿನ ಕೆಲವು ನಿಮಿಷಗಳ ರೋಹಿತವನ್ನು ಕಳೆಯುವುದು ವಾಡಿಕೆ. ಸೂರ್ಯನ ಮೇಲೆ ಒಂದೇ ಒಂದು ಘಟನೆ ನಡೆಯುತ್ತಿದ್ದರೆ ಅದು ಸರಿ. 2024ರ ಮೇ ತಿಂಗಳಲ್ಲಿ 13664 ಸಂಖ್ಯೆಯ ಸಕ್ರಿಯ ವಲಯ ಒಂದರ ಮೇಲೊಂದು ಜ್ವಾಲೆ ಉಗುಳಿದಂಥ ದಿನಗಳಲ್ಲಿ ಅದು ನಡೆಯುವುದಿಲ್ಲ. ಹಿಂದಿನ ಜ್ವಾಲೆ ಆರುತ್ತಲೇ ಇರುತ್ತದೆ. ಅದರ ಕೊಡುಗೆ ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಆಗ ಕಳೆಯುವ ಬದಲು ಹಿಂದಿನದಕ್ಕೇ ಮಾಡೆಲ್‌ನಲ್ಲಿ ಒಂದು ಉಷ್ಣ ಘಟಕ (ಬಿಸಿ ಪ್ಲಾಸ್ಮಾದ ಭಾಗ) ಕೊಟ್ಟು, ಅದರ ಇಳಿಕೆಯನ್ನು ಅಂದಾಜಿಸಿ, ಆ ಬೆಲೆಗಳನ್ನು ಬದಲಾಗದಂತೆ ಕಟ್ಟಿಹಾಕಿ ಹೊಸದನ್ನು ಮೇಲೆ ಸೇರಿಸುತ್ತೇನೆ.

ಹೆಲಿಯೋಸ್‌ಗೆ ತೊಂದರೆ ಬೇರೆ ಬಗೆಯದು. ಭೂಮಿಯ ಹತ್ತಿರ ಸುತ್ತುತ್ತಿದ್ದ ನಾಸಾದ ರೆಸ್ಸಿ ಉಪಗ್ರಹಕ್ಕೆ ಪ್ರತಿ ಸುತ್ತಿನಲ್ಲೂ ರಾತ್ರಿ ಇತ್ತು, ದಕ್ಷಿಣ ಅಟ್ಲಾಂಟಿಕ್‌ನ ವಿಕಿರಣ ವಲಯ ದಾಟುವಾಗ ಬಿಡುವೂ ಇತ್ತು. ಆದಿತ್ಯ ಇರುವ ಎಲ್1 ಬಿಂದುವಿನಲ್ಲಿ ಅವೆರಡೂ ಇಲ್ಲ, ಸೂರ್ಯ ಮರೆಯಾಗುವುದೇ ಇಲ್ಲ. ಆದರೆ ಕಾಂತಗೋಳದ ಕೊಡೆಯೂ ಇಲ್ಲ. ದೊಡ್ಡ ಜ್ವಾಲೆಯ ಹಿಂದೆಯೇ ಪ್ರೋಟಾನುಗಳು ಬಂದು ಡಿಟೆಕ್ಟರಿಗೆ ನೇರ ಬಡಿಯಬಹುದು. 100 ಕೆಇವಿ ಮೇಲಿನ ಕೌಂಟು ಜ್ವಾಲೆ ಮುಗಿದ ಮೇಲೂ ಕೆಳಗಿಳಿಯದಿದ್ದರೆ, ಮುಂಚಿನ ಬ್ಯಾಕ್‌ಗ್ರೌಂಡ್ ಕೆಲಸಕ್ಕೆ ಬಾರದು.

ಇನ್ನು 6.7 ಕೆಇವಿಯ ಕಬ್ಬಿಣದ ಗೆರೆ. ನನ್ನ ಮಟ್ಟಿಗೆ ಇಡೀ ರೋಹಿತದಲ್ಲಿ ಅತ್ಯಂತ ಉಪಕಾರಿ ಜಾಗ ಇದು. ಬಹುಪಾಲು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ ಅಯಾನುಗಳಿಂದ ಬರುವ ಅನೇಕ ಗೆರೆಗಳ ಗುಂಪದು. ಸಿಲಿಕಾನ್ ಡಿಟೆಕ್ಟರಿಗೆ ಬಿಡಿಬಿಡಿಯಾಗಿ ಕಾಣದೆ ಒಂದೇ ಗುಡ್ಡದಂತೆ ಕಾಣುತ್ತದೆ. ಮೊದಲ ಫಿಟ್ ಆದ ಮೇಲೆ ನಾನು ನೋಡುವುದು ಕೈ ಸ್ಕ್ವೇರ್ ಸಂಖ್ಯೆಯನ್ನಲ್ಲ (ಫಿಟ್ ಒಟ್ಟಾರೆ ಎಷ್ಟು ಹೊಂದಿತೆಂಬ ಅಳತೆ), ಈ ಗುಡ್ಡದ ಕೆಳಗೆ ಉಳಿದ ಶೇಷದ, ಅಂದರೆ ದತ್ತಾಂಶದಿಂದ ಮಾಡೆಲ್ ಕಳೆದು ಉಳಿದದ್ದರ, ಆಕಾರವನ್ನು. ಗೆರೆಯ ಒಂದು ಬದಿ ಶೇಷ ಮೇಲಕ್ಕೂ ಇನ್ನೊಂದು ಬದಿ ಕೆಳಕ್ಕೂ ಬಾಗಿದ್ದರೆ ಗೇನ್, ಅಂದರೆ ಡಿಟೆಕ್ಟರಿನ ಶಕ್ತಿಯ ಅಳತೆಪಟ್ಟಿ, ಸರಿದಿದೆ ಎಂದರ್ಥ. ಕೆಲವೇ ಹತ್ತು ಇವಿ ಸರಿದರೂ ಸಾಕು, ಚೆನ್ನಾಗಿ ಕಾಣುತ್ತದೆ. ಆಗ ಆ ಅಳತೆಪಟ್ಟಿಯ ಆಫ್‌ಸೆಟ್ ಒಂದನ್ನು ಮಾತ್ರ ಬದಲಾಗಲು ಬಿಟ್ಟು ಮತ್ತೆ ಫಿಟ್ ಮಾಡಿ. ಗೆರೆಯುದ್ದಕ್ಕೂ ಶೇಷ ಒಂದೇ ಸಮನೆ ಕೆಳಗಿದ್ದು, ಅಕ್ಕಪಕ್ಕದ ನಿರಂತರ ರೋಹಿತ ಸರಿಯಾಗಿ ಕೂತಿದ್ದರೆ ಗೇನ್ ಮುಟ್ಟಬೇಡಿ, ತಪ್ಪಿರುವುದು ಧಾತುಗಳ ಪ್ರಮಾಣದಲ್ಲಿ. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಕಬ್ಬಿಣ, ಸಿಲಿಕಾನ್‌ನಂಥ ಸುಲಭವಾಗಿ ಅಯಾನಾಗುವ ಧಾತುಗಳು ಕಣ್ಣಿಗೆ ಕಾಣುವ ಮೇಲ್ಮೈಯಾದ ದ್ಯುತಿಗೋಳಕ್ಕಿಂತ ಮೂರ್ನಾಲ್ಕು ಪಟ್ಟು ಹೆಚ್ಚಿರುತ್ತವೆ. ಜ್ವಾಲೆಯಲ್ಲಿ ಕೆಳಗಿನ ವರ್ಣಗೋಳದ ವಸ್ತು ಕಾದು ಮೇಲೆ ನುಗ್ಗುವುದರಿಂದ ಆ ಹೆಚ್ಚಳ ತಗ್ಗುತ್ತದೆ. ಚಂದ್ರಯಾನ-2ರ ಎಕ್ಸ್‌ಎಸ್‌ಎಂ ಉಪಕರಣ ಬಿ ವರ್ಗದ ಸಣ್ಣ ಜ್ವಾಲೆಗಳಲ್ಲೇ ಇದನ್ನು ತೋರಿಸಿದೆ. ಕರೋನಾದ ಪಟ್ಟಿಯನ್ನೇ ಹಾಕಿ ಕೂತರೆ ಮಾಡೆಲ್, ನಿಜಕ್ಕೂ ಇಲ್ಲದ ಕಬ್ಬಿಣವನ್ನು ಕಲ್ಪಿಸಿಕೊಳ್ಳುತ್ತದೆ. ಗೇನ್ ಮತ್ತು ಕಬ್ಬಿಣ ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತದೆ, ಅದು ಇನ್ನೂ ಕೆಟ್ಟದ್ದು.

ಎರಡು ಉಪಕರಣಗಳನ್ನೂ ಸೇರಿಸಿ ಫಿಟ್ ಮಾಡುವಾಗ ಅವುಗಳ ನಡುವೆ ಒಂದು ಗುಣಕವನ್ನು ಬದಲಾಗಲು ಬಿಡಬೇಕು. ಅದು 0.8ರಿಂದ 1.2ರ ಆಚೆ ಹೋದರೆ ನಾನು ಹಿಂದಕ್ಕೆ ಬಂದು ಬ್ಯಾಕ್‌ಗ್ರೌಂಡನ್ನು ಮತ್ತೆ ನೋಡುತ್ತೇನೆ. ಉಷ್ಣ ಭಾಗದ ಮೇಲೆ, ವೇಗೋತ್ಕರ್ಷ ಪಡೆದ ಎಲೆಕ್ಟ್ರಾನುಗಳ ಘಾತ ನಿಯಮದ (ಶಕ್ತಿ ಏರಿದಂತೆ ಸಂಖ್ಯೆ ಒಂದು ಘಾತದ ಲೆಕ್ಕದಲ್ಲಿ ಇಳಿಯುವ) ಭಾಗ ಕೂರುತ್ತದೆ. ಇಲ್ಲಿ ಎಚ್ಚರ ಬೇಕಾದ್ದು ಕೆಳಮಿತಿಯ ಬಗ್ಗೆ. ಎಲೆಕ್ಟ್ರಾನುಗಳು ಎಷ್ಟು ಕೆಇವಿಯಿಂದ ಶುರುವಾಗುತ್ತವೆ ಎಂಬುದು ಉಷ್ಣ ಭಾಗದ ಅಡಿಯಲ್ಲಿ ಹೂತುಹೋಗಿರುತ್ತದೆ. ಫಿಟ್ 20 ಕೆಇವಿ ಎಂದರೆ "20 ಅಥವಾ ಅದಕ್ಕೂ ಕಡಿಮೆ" ಎಂದೇ ಓದಿಕೊಳ್ಳಬೇಕು. ಲೆಕ್ಕ ಹಾಕಿ: ಎಲೆಕ್ಟ್ರಾನುಗಳ ಘಾತ ಸೂಚ್ಯಂಕ 5 ಇದ್ದು, ರೋಹಿತದ ಉಳಿದ ಭಾಗ ಹಾಗೇ ಇರುವಾಗ ಕೆಳಮಿತಿ 20ರಿಂದ 10ಕ್ಕಿಳಿದರೆ ಒಟ್ಟು ಶಕ್ತಿ 8 ಪಟ್ಟಾಗುತ್ತದೆ. ಹೀಗಾಗಿ ಪ್ರಬಂಧದಲ್ಲಿ ನಾನು ಕೊಡುವುದು ಕನಿಷ್ಠ ಶಕ್ತಿಯನ್ನು ಮಾತ್ರ.

ಹಳೆಯ ಜ್ವಾಲೆಗಳೊಂದಿಗೆ ಹೋಲಿಸುವವರಿಗೆ ಒಂದು ಮಾತು. ಜ್ವಾಲೆಯ ವರ್ಗ ನಿರ್ಧರಿಸುವ ಅಮೆರಿಕದ ಗೋಸ್ ಸರಣಿಯಲ್ಲಿ, ಗೋಸ್-16ಕ್ಕೆ ಮುಂಚಿನ ಉಪಗ್ರಹಗಳ 1–8 ಆಂಗ್‌ಸ್ಟ್ರಾಮ್ ತರಂಗಾಂತರದ ಕಾರ್ಯಾಚರಣೆ ದತ್ತಾಂಶಕ್ಕೆ 0.7ರ ಗುಣಕ ಸೇರಿಸಲಾಗಿತ್ತು. ಅದನ್ನು 0.7ರಿಂದ ಭಾಗಿಸದಿದ್ದರೆ ಹಳೆಯ ಎಕ್ಸ್1.0, ಇಂದಿನ ಲೆಕ್ಕದ ಎಕ್ಸ್1.4 ಎಂಬುದು ತಪ್ಪಿಹೋಗುತ್ತದೆ. ಮರುಸಂಸ್ಕರಿಸಿದ ಕಡತಗಳಲ್ಲಿ ಈ ತಿದ್ದುಪಡಿ ಆಗಿರುತ್ತದೆ. ಎರಡನೇ ಸಲ ಭಾಗಿಸಿದರೆ ಇನ್ನೊಂದು ತಪ್ಪು.

ಕೊನೆಗೆ ಗಡಿಯಾರ. ಎಲ್1 ನಮಗಿಂತ 15 ಲಕ್ಷ ಕಿ.ಮೀ. ಸೂರ್ಯನ ಕಡೆಗಿದೆ, ಬೆಳಕು ಅಲ್ಲಿಗೆ 5 ಸೆಕೆಂಡು ಮೊದಲು ಮುಟ್ಟುತ್ತದೆ. ಹೆಲಿಯೋಸ್‌ನ ಒಂದು ಮೊನೆಯನ್ನು (ಹಠಾತ್ ಏರಿಕೆಯನ್ನು) ಗೌರಿಬಿದನೂರಿನ ರೇಡಿಯೋ ದಾಖಲೆಯ ಟೈಪ್-3 ಸ್ಫೋಟದೊಂದಿಗೆ (ರಭಸದ ಎಲೆಕ್ಟ್ರಾನುಗಳಿಂದಾಗುವ ರೇಡಿಯೋ ಸಿಡಿತ) ಹೊಂದಿಸುವಾಗ ಆ 5 ಸೆಕೆಂಡು ಕೂಡಿಸದಿದ್ದರೆ, ಇಲ್ಲದ ವಿಳಂಬವೊಂದಕ್ಕೆ ಭೌತಶಾಸ್ತ್ರದ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ಸೋಲಾರ್ ಆರ್ಬಿಟರ್ ನೌಕೆಯ ಸ್ಟಿಕ್ಸ್ ಎಕ್ಸ್-ಕಿರಣ ಉಪಕರಣದ ಜೊತೆ ಹೋಲಿಸುವುದಾದರೆ ವ್ಯತ್ಯಾಸ ನಿಮಿಷಗಳಷ್ಟು. ಅದು ಸೂರ್ಯನಿಂದ 0.3 ಖಗೋಳ ಮಾನದಲ್ಲಿದ್ದಾಗ (ಸೂರ್ಯ-ಭೂಮಿ ನಡುವಿನ ದೂರ 1 ಖಗೋಳ ಮಾನ) ನಮಗಿಂತ ಸುಮಾರು 350 ಸೆಕೆಂಡು ಮುಂಚೆ ನೋಡುತ್ತದೆ. ಇದನ್ನು ಸರಿಪಡಿಸಿದ ಮೇಲೂ ಮೃದು ಕಿರಣದ ಏರಿಕೆಯ ದರ ಕಠಿಣ ಕಿರಣದ ಮೊನೆಗಳನ್ನು ಹಿಂಬಾಲಿಸದಿದ್ದರೆ, ಆಗ ಮಾತ್ರ ಅದನ್ನು ಸೂರ್ಯನ ತಲೆಗೆ ಕಟ್ಟಬಹುದು.