ಪೋಕ್ಸೊ ಪ್ರಕರಣದಲ್ಲಿ ಮಗುವಿನ ಜೊತೆಗೆ ನಿಲ್ಲುವುದು ಹೇಗೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ, ತನಿಖೆಯಿಂದ ವಿಚಾರಣೆ ಮುಗಿಯುವವರೆಗೂ ಜೊತೆಗಿರಲು, ಮಕ್ಕಳ ಕಲ್ಯಾಣ ಸಮಿತಿಯು ಮಗು ಮತ್ತು ಪೋಷಕರ ಒಪ್ಪಿಗೆಯಿಂದ ಒಬ್ಬ ಬೆಂಬಲ ವ್ಯಕ್ತಿಯನ್ನು ಒದಗಿಸುವ ವ್ಯವಸ್ಥೆ 2020ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಕಾಯ್ದೆ) ನಿಯಮಗಳಲ್ಲಿದೆ. ಆ ಹೊಣೆಯನ್ನು ಹೊಸದಾಗಿ ಹೊತ್ತವರಿಗಾಗಿ ಈ ಮಾತುಗಳು.

ಮೊದಲ ಭೇಟಿಯಲ್ಲಿ ಘಟನೆಯ ಬಗ್ಗೆ ಕೇಳಲೇಬೇಡಿ. ತಾಯಿಗೆ, ಪೊಲೀಸರಿಗೆ, ವೈದ್ಯರಿಗೆ ಅದನ್ನು ಹೇಳಿ ಹೇಳಿ ಮಗು ಆಗಲೇ ದಣಿದಿರುತ್ತದೆ. ನೀವೂ ಕೆದಕಿದರೆ, ಸಾಕ್ಷ್ಯವನ್ನು ನೀವೇ ಹೇಳಿಕೊಟ್ಟಿರಿ ಎಂದು ಮುಂದೆ ಆರೋಪಿಯ ವಕೀಲರು ವಾದಿಸಬಹುದು. ನೀವು ಯಾರು, ಮತ್ತೆ ಯಾವಾಗ ಬರುತ್ತೀರಿ ಎಂಬುದನ್ನಷ್ಟೇ ತಿಳಿಸಿ. ಎಲ್ಲಿ ಕೂರಬೇಕು, ಅಮ್ಮ ಒಳಗಿರಬೇಕೋ ಹೊರಗಿರಬೇಕೋ ಎಂಬುದನ್ನು ಮಗುವೇ ತೀರ್ಮಾನಿಸಲಿ. ತನ್ನ ಮೈಮೇಲೆ ತನಗೇ ಹಿಡಿತ ತಪ್ಪಿದ ಅನುಭವ ಕಂಡ ಮಗುವಿಗೆ ಇಂಥ ಸಣ್ಣ ತೀರ್ಮಾನಗಳು ಸಣ್ಣವಲ್ಲ. ‘ಅವನಿಗೆ ಶಿಕ್ಷೆ ಆಗೇ ಆಗುತ್ತೆ ಪುಟ್ಟಾ’ ಎಂದು ಮಾತ್ರ ಭರವಸೆ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ಬರುವುದು ನಿಮ್ಮ ಕೈಯಲ್ಲಿದೆ.

ಆಘಾತದ ನೆನಪು ಸಾಲಾಗಿ ಬರುವುದಿಲ್ಲ. ತಾರೀಖು ಮರೆತ ಮಗುವಿಗೆ ಆ ಕೋಣೆಯ ಫ್ಯಾನಿನ ಸದ್ದು ನೆನಪಿರಬಹುದು. ಹೇಳುವಾಗ ಅಳದೆ ನಗಲೂಬಹುದು. ಇದನ್ನು ಸುಳ್ಳೆಂದು ತಿಳಿಯುವವರು ಹೆಚ್ಚಾಗಿ ಮನೆಯವರೇ ಆದ್ದರಿಂದ ಅವರಿಗೆ ಮೊದಲೇ ಬಿಡಿಸಿ ಹೇಳಿ.

ಪೊಲೀಸರು ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು 2012ರ ಪೋಕ್ಸೊ ಕಾಯ್ದೆಯ 24ನೇ ಕಲಂ ಹೇಳುತ್ತದೆ. ನ್ಯಾಯಾಲಯದಲ್ಲಿ ವಕೀಲರು ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಟ್ಟು, ಅವರ ಮೂಲಕವೇ ಕೇಳಿಸಬೇಕು, ಮಗುವಿಗೆ ಆಗಾಗ ಬಿಡುವು ಸಿಗಬೇಕು ಎನ್ನುತ್ತದೆ 33ನೇ ಕಲಂ. ಸಾಕ್ಷ್ಯ ನುಡಿಯುವಾಗ ಆರೋಪಿ ಕಣ್ಣಿಗೆ ಬೀಳಬಾರದು ಎನ್ನುತ್ತದೆ 36ನೇ ಕಲಂ. ಆದರೆ ಆರೋಪಿಯನ್ನು ಮರೆಮಾಡುವ ಪರದೆ ಇರುವುದು ಕೋರ್ಟ್ ಹಾಲಿನ ಒಳಗೆ. ಕಾರಿಡಾರು, ಶೌಚಾಲಯದ ದಾರಿ, ಗೇಟಿನ ಮುಂದಿನ ಚಹದಂಗಡಿ ಇವುಗಳಿಗೆ ಪರದೆಯಿಲ್ಲ, ಮತ್ತು ಮಗು ಬೆಚ್ಚಿಬೀಳುವುದು ಬಹುಪಾಲು ಅಲ್ಲಿಯೇ. ಹಾಗಾಗಿ ವಾಯಿದೆಗೆ ಮುಂಚೆ ಒಂದು ದಿನ ಮಗುವನ್ನು ಕರೆದೊಯ್ದು ಕಟ್ಟಡ ತೋರಿಸಿ. ಯಾವ ಬಾಗಿಲಿನಿಂದ ಬರುವುದು, ಎಲ್ಲಿ ಕಾಯುವುದು ಎಂಬುದನ್ನು ಸರ್ಕಾರಿ ಅಭಿಯೋಜಕರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ.

ಉತ್ತರಗಳನ್ನು ಅಭ್ಯಾಸ ಮಾಡಿಸಬಾರದು. ‘ನೆನಪಿಲ್ಲ’, ‘ಪ್ರಶ್ನೆ ಅರ್ಥವಾಗಲಿಲ್ಲ’, ‘ನೀರು ಬೇಕು’ ಎನ್ನಲು ಹಿಂಜರಿಯಬೇಕಿಲ್ಲ ಎಂಬುದನ್ನು ಮಾತ್ರ ತಿಳಿಸಬಹುದು. ಮಾತು ಹೊರಡದಿದ್ದರೆ ಕರ್ಚೀಫನ್ನು ಮೇಜಿನ ಮೇಲಿಡುವುದು ಬಿಡುವಿನ ಸೂಚನೆ ಎಂದು ಒಪ್ಪಿಕೊಂಡು, ಅದನ್ನು ಅಭಿಯೋಜಕರ ಮೂಲಕ ನ್ಯಾಯಾಧೀಶರ ಗಮನಕ್ಕೆ ಮೊದಲೇ ತನ್ನಿ.

ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ವಾಯಿದೆಗಳು ಮುಂದೆ ಹೋಗುತ್ತವೆ. ಚೇತರಿಕೆಯನ್ನು ತೀರ್ಪಿನ ದಿನಕ್ಕೆ ಗಂಟು ಹಾಕುವುದು ತಪ್ಪೆಂದು ನನ್ನ ಅಭಿಪ್ರಾಯ. ಶಾಲೆಗೆ ಮರಳುವುದು, ನಿದ್ದೆ, ಆಟ ಇವು ಈಗಲೇ ಆಗಬೇಕಾದ ಕೆಲಸಗಳು. 2020ರ ನಿಯಮಗಳ 9ನೇ ನಿಯಮದಡಿ ಮಧ್ಯಂತರ ಪರಿಹಾರಕ್ಕೂ ಈಗಲೇ ಅರ್ಜಿ ಹಾಕಬಹುದು. ನಿದ್ದೆ, ಊಟ ಕೆಟ್ಟೇ ಇದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವನ್ನೋ ಕಾಣಬೇಕು.

ಸಾಕ್ಷ್ಯ ಮುಗಿಸಿ ಮರಳುವ ದಾರಿಯಲ್ಲಿ ‘ಏನು ಕೇಳಿದರು’ ಎನ್ನಬೇಡಿ. ಮಗುವಿಗೆ ಹಸಿವಾಗಿರುತ್ತದೆ.